ಗೌಸಮೊದ್ದೀನನ ತಗಡಿನ ಬಿಲ್ಲೆ

ಧಾರವಾಡದ ಲಕಮನಹಳ್ಳಿಯಲ್ಲಿ ಗೌಸಮೊದ್ದೀನ ನದಾಫನ ಅಂಗಡಿ ಹುಡುಕಲು ವಿಳಾಸ ಬೇಕಿಲ್ಲ, ಕಿವಿ ಇದ್ದರೆ ಸಾಕು. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಅವನದು. ಸುತ್ತಲೂ ಕಾರ್ಖಾನೆಗಳ ಗದ್ದಲ. ಅದರ ಮೇಲೆ ಕೂಗಿ ಕೂಗಿ ಮಾತಾಡಿದ ಮನುಷ್ಯನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಮನೆಯಲ್ಲಿ ಚಹಾ ಕೇಳಿದರೆ ಓಣಿಯ ಆಚೆ ತುದಿಯವರಿಗೂ ಗೊತ್ತಾಗುತ್ತದೆ. ಇನ್ನು ಅವನಿಗೆ ಉಮೇದು ಬಂತೋ, ಮುಗಿಯಿತು! ಅವನ ಹೆಂಡತಿ ಶಾಯಿಸ್ತಾ "ಕರೆಂಟ್ ಬಂತ ನೋಡ್ರಿ" ಅನ್ನುತ್ತ ಬಾಗಿಲು ಮುಂದೆ ಮಾಡುತ್ತಾಳೆ.

ಹೋದ ವರ್ಷ ಆ ಕರೆಂಟು ಬಂದದ್ದು ಅವನ ದಾದಾನಿಂದ. ದಾದಾ ಅಂದರೆ ತಂದೆಯ ತಂದೆ, ಅಮ್ಮಿನಬಾವಿಯ ಮೌಲಾಸಾಬ. ಎರಡನೇ ಮಹಾಯುದ್ಧದ ಕಾಲಕ್ಕೆ ಇಟಲಿಯ ಗುಡ್ಡಗಳಲ್ಲಿ ಹೇಸರಗತ್ತೆಗಳ ಮೇಲೆ ಮದ್ದುಗುಂಡು, ಕಾಳುಕಡಿ ಹೊರಿಸಿಕೊಂಡು ಹೋಗುವ ತುಕಡಿಯಲ್ಲಿದ್ದವನು. ಅಷ್ಟು ಎಲ್ಲರಿಗೂ ಗೊತ್ತು. ಅಲ್ಲಿ ಏನು ಮಾಡಿದ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಆ ಪುಣ್ಯಾತ್ಮ ಹೇಳಲೇ ಇಲ್ಲ. "ಥಂಡಿ ಭಾಳ ಇತ್ತು. ಹೇಸರಗತ್ತಿ ಛಲೋ ಇದ್ವು." ಯುದ್ಧದ ಬಗ್ಗೆ ಅವನು ಬಾಯಿ ಬಿಟ್ಟದ್ದು ಇಷ್ಟೇ. ಆದರೆ ಗೌಸಮೊದ್ದೀನನ ತಂದೆ ಸಾಯುವ ತನಕ ಒಂದು ಮಾತು ಹೇಳುತ್ತಿದ್ದರು. ಅಬ್ಬಾನ ಧೈರ್ಯ ನೋಡಿ ಸರ್ಕಾರ ಬೆಳ್ಳಿಯ ಪದಕ ಕೊಟ್ಟಿತ್ತು, ಸಣ್ಣವನಿದ್ದಾಗ ಒಮ್ಮೆ ಕಣ್ಣಾರೆ ಕಂಡಿದ್ದೆ, ಆಮೇಲೆ ಟ್ರಂಕು ತಡಕಾಡಿದರೂ ಸಿಗಲಿಲ್ಲ, ಯಾರೋ ಮಾರಿಕೊಂಡು ತಿಂದರು ಅಂತ.

ಊರಿನವರು ಹೇಳುತ್ತಿದ್ದುದೇ ಬೇರೆ. ಮೌಲಾಸಾಬ ಲಡಾಯಿಯಿಂದ ಓಡಿ ಬಂದವನು ಅಂತ. ದೀಪಾವಳಿಯಲ್ಲಿ ಪಟಾಕಿ ಢಂ ಅಂದರೆ ಸಾಕು, ಅವನು ಎದ್ದು ಹೊಲಕ್ಕೆ ಓಡುತ್ತಿದ್ದ, ಹಬ್ಬ ಮುಗಿಯುವ ತನಕ ಬಾವಿಯ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದ. ಪಟಾಕಿಗೆ ಓಡುವವ ತೋಪಿನ ಮುಂದೆ ನಿಂತಾನೇ ಅಂತ ಕಟ್ಟೆಯ ಮೇಲಿನವರು ಬಿದ್ದು ಬಿದ್ದು ನಗುತ್ತಿದ್ದರು. ಮನುಷ್ಯ ಸತ್ತು ಅರವತ್ತು ವರ್ಷ ಆಯಿತು, ಇವರ ನಗು ನಿಂತಿರಲಿಲ್ಲ. ಕೂತು ನಗುವವರಿಗೆ ಏನು ಕಷ್ಟ?

ಹೀಗಿರುವಾಗ ಅಮ್ಮಿನಬಾವಿಯ ಹಿರಿಯರು ಒಂದು ಕಮಿಟಿ ಮಾಡಿಕೊಂಡರು. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸುವುದು, ಗಣರಾಜ್ಯೋತ್ಸವದ ದಿನ ಅದರ ಪರದೆ ತೆಗೆಯುವುದು. ಇಂಗ್ಲಿಷ್ ಕಲಿಸಿ ನಿವೃತ್ತರಾದ ಗುರುಶಿದ್ದಪ್ಪ ಮಾಸ್ತರು ಅದರ ಮುಖ್ಯಸ್ಥರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗೌಸಮೊದ್ದೀನ ಬೈಕ್ ಏರಿ ಅವರ ಮನೆ ಕಟ್ಟೆಗೆ ಬಂದ.

"ಮಾಸ್ತರ್ರ, ನಮ್ಮ ದಾದಾಂದು ಬರೀರಿ! ಶೌರ್ಯ ಪದಕ ಅಂತ ದಪ್ಪಕ್ಷರದಾಗ ಬರೀರಿ!"

"ಹಂಗ ಬರಿಯಾಕ ಬರಂಗಿಲ್ಲಪಾ, ಪುರಾವೆ ಬೇಕು." ಮಾಸ್ತರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. "ಖರೇ ಹೇಳ್ಲೇನು? ಬರೇ ಹೆಸರು ಬರಿಯಾಕೂ ಕಮಿಟ್ಯಾಗ ಅಡ್ಡಿ ಐತಿ. ಓಡಿ ಬಂದವನ ಹೆಸರು ಕಲ್ಲಿನ ಮ್ಯಾಲ ಯಾಕ ಅಂತಾರ. ನಮ್ಮಪ್ಪನೂ ಹಂಗ ಹೇಳ್ತಿದ್ದ."

ಬೇರೆ ಮಾತಿಗಾಗಿದ್ದರೆ ಗೌಸಮೊದ್ದೀನ ಅಲ್ಲೇ ಓಣಿ ಕೂಡಿಸುತ್ತಿದ್ದ. ಅವತ್ತು ತಲೆ ತಗ್ಗಿಸಿ ಬೈಕಿನ ಕಡೆ ನಡೆದ. ಅವನಿಗೆ ನೆನಪಾದದ್ದು ಹಳೇ ಹುಬ್ಬಳ್ಳಿಯಲ್ಲಿರುವ ಅಬೀದಾ ಫುಪ್ಪಿ, ತಂದೆಯ ಅಕ್ಕ, ಮೌಲಾಸಾಬನ ಮಕ್ಕಳಲ್ಲಿ ಉಳಿದಿರುವ ಒಂದೇ ಜೀವ. ಆಡುವ ವಯಸ್ಸಿನಲ್ಲಿ ಅವಳನ್ನು "ಓಡಿ ಬಂದವನ ಮಗಳು" ಅಂತಲೇ ಕರೆದರು. ನಿಕಾಹದ ಚಪ್ಪರದಲ್ಲೂ ಯಾರೋ ಅದೇ ಮಾತು ಆಡಿ ನಕ್ಕರಂತೆ, ಬೀಗರ ಎದುರಿಗೇ. ಅವತ್ತು ತವರು ಬಿಟ್ಟವಳು ತಾಯಿ ತಂದೆ ಸತ್ತಾಗ ಬಿಟ್ಟರೆ ಅಮ್ಮಿನಬಾವಿಯ ಮಣ್ಣು ತುಳಿದಿಲ್ಲ. ಈಗ ಎಂಬತ್ತೈದು ದಾಟಿದೆ, ಕಣ್ಣು ಮಂಜಾಗಿವೆ. ಹೋದಾಗಲೆಲ್ಲ ಗೌಸಮೊದ್ದೀನನ ಕೈ ಹಿಡಿದು ಒಂದೇ ಮಾತು: "ಅಬ್ಬಾ ಓಡಿ ಬರ್ಲಿಲ್ಲ ಅಂತ ಆ ಊರಿನವ್ರು ಒಬ್ಬರ ಬಾಯಿಂದರ ಕೇಳಿ ಸಾಯಬೇಕಲೇ ಗೌಸ್ಯಾ."

ಪುರಾವೆ ತಂದೇ ತರುತ್ತೇನೆ ಅಂತ ಅವನು ಹೊರಟ. ಮಗ ಶಾನವಾಜ ಮೊಬೈಲಿನಲ್ಲಿ ಹಳೆಯ ಸೈನಿಕರ ಒಂದು ಗುಂಪು ಹುಡುಕಿ ಅದರಲ್ಲಿ ಕೇಳಿದ. ಅಲ್ಲಿದ್ದ ನಿವೃತ್ತ ಸುಬೇದಾರರೊಬ್ಬರು ಬಹಳ ಮುತುವರ್ಜಿಯಿಂದ ಉತ್ತರ ಕೊಟ್ಟರು. ಮೌಲಾಸಾಬ ಅನ್ನುವ ಹೆಸರಿನವರು ಸೈನ್ಯದಲ್ಲಿ ಬೇಕಾದಷ್ಟು ಮಂದಿ ಇದ್ದರು, ನಂಬರು ಇಲ್ಲದೆ ದಾಖಲೆ ಸಿಗದು. ಆದರೆ ಧೈರ್ಯಕ್ಕೆ ಕೊಟ್ಟ ಬೆಳ್ಳಿ ಪದಕದ ಅಂಚಿನ ಮೇಲೆ ನಂಬರು, ಹೆಸರು ಎರಡೂ ಕೊರೆದಿರುತ್ತವೆ, ಅದನ್ನು ಹುಡುಕಿ. ಅಂಥದೇ ಒಂದು ಪದಕದ ಫೋಟೊ, ಅಳತೆ ಎಲ್ಲ ಕಳಿಸಿದರು. ಗೌಸಮೊದ್ದೀನ ಆ ಫೋಟೊಕ್ಕೆ ಮುತ್ತು ಕೊಡುವುದೊಂದು ಬಾಕಿ!

ಮಾರಿಕೊಂಡು ತಿಂದರು ಅಂತ ತಂದೆ ಹೇಳಿದ್ದರಲ್ಲ, ಹಾಗಾಗಿ ಅವನು ಹಿಡಿದದ್ದು ಬೆಳ್ಳಿ ಅಂಗಡಿಗಳ ದಾರಿ. ಧಾರವಾಡದ ಸರಾಫರು, ಹುಬ್ಬಳ್ಳಿಯ ಸರಾಫರು, ಹಳೆಯ ನಾಣ್ಯ ಮಾರುವವರು, ಗುಜರಿಯವರು, ಒಬ್ಬರನ್ನೂ ಬಿಡಲಿಲ್ಲ. ಫೋಟೊ ನೋಡಿ ಒಬ್ಬ ಕುಸ್ತಿಯಲ್ಲಿ ಗೆದ್ದ ತಟ್ಟೆಯಷ್ಟು ಅಗಲದ ಪದಕ ತಂದು ತೋರಿಸಿದ. ಇನ್ನೊಬ್ಬ ಸಾಲಿಯ ಓಟದ ಪಂದ್ಯದ್ದು ತಂದ. ಫೋಟೊದಲ್ಲಿ ಎಲ್ಲವೂ ಒಂದೇ ಗಾತ್ರ, ಏನು ಮಾಡುವುದು? ಗೌಸಮೊದ್ದೀನನಿಗೆ ತಲೆ ಕೆಟ್ಟಿತು. ಮೋಟರ್ ಕೆಲಸದಲ್ಲಿ ಅವನು ನಮೂನೆ ಮಾಡಿಕೊಳ್ಳದೆ ತಂತಿ ಮುಟ್ಟುವವನಲ್ಲ. ಅಂಗಡಿಗೆ ಬಂದವನೇ ಒಂದು ದಪ್ಪ ತಗಡು ತೆಗೆದುಕೊಂಡು ಸುಬೇದಾರರು ಹೇಳಿದ ಅಳತೆಗೆ ದುಂಡಗೆ ಕತ್ತರಿಸಿದ, ಕಾನಸ್ ಹಾಕಿ ಉಜ್ಜಿ ಅಂಚು ನಯ ಮಾಡಿದ, ಪಟ್ಟಿ ಪೋಣಿಸಲು ಪದಕದ ನೆತ್ತಿಯ ಮೇಲೆ ಇರುವಂಥ ಅಡ್ಡ ಕಡ್ಡಿಯನ್ನೂ ಬೆಸೆದ. ಆಮೇಲೆ ಆ ಬಿಲ್ಲೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮತ್ತೆ ಎಲ್ಲರ ಹತ್ತಿರ ಹೋದ.

"ಹಿಂಗ ಇರತೈತಿ ನೋಡ್ರಿ. ಇಷ್ಟ ಅಗಲ, ಇಷ್ಟ ದಪ್ಪ. ಇದು ತಗಡು, ಅದು ಬೆಳ್ಳಿ, ಅಷ್ಟ ಫರಕು!"

ಎಲ್ಲರೂ ತಿರುವಿ ತಿರುವಿ ನೋಡಿದರು, ಇಲ್ಲ ಅಂದರು. ಸಂಕ್ರಾಂತಿಯೂ ಮುಗಿಯಿತು. ಕಲ್ಲುಕುಟಿಗ ಯಂಕಣ್ಣ ಉಳಿದ ಹೆಸರು ಕೆತ್ತಿ, ಕೊನೆಯ ಸಾಲಿಗೆ ಜಾಗ ಬಿಟ್ಟು ಕೂತಿದ್ದ. ಇನ್ನೆರಡು ದಿನ ನೋಡುತ್ತೇನೆ, ಆಮೇಲೆ ಪಾಲಿಶ್ ಹೊಡೆಯುತ್ತೇನೆ ಅಂತ ಹೇಳಿ ಕಳಿಸಿದ.

ಗೌಸಮೊದ್ದೀನ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ. ಸಿಗಲಿಲ್ಲ ಅಂತ ಫುಪ್ಪಿಗೆ ಹೇಳಿ ಕ್ಷಮೆ ಕೇಳುವುದೆಂದು. ಫುಪ್ಪಿ ಮಂಚದ ಮೇಲೆ ತಸಬಿಯ ಮಣಿ ಎಣಿಸುತ್ತ ಕೂತಿದ್ದಳು. ಅವನು ಮೊಬೈಲಿನ ಫೋಟೊ ಹಿಡಿದರೆ ಕೈಯಿಂದ ಆಚೆ ಸರಿಸಿದಳು.

"ನನಗೇನ ಕಾಣತೈತಿ ಅದರಾಗ? ಬೆಳಕ ಅಷ್ಟ."

"ನೋಡಬ್ಯಾಡ ಬಿಡು. ಇದನ್ನರ ಹಿಡಿ. ಈ ಅಳತೀದು ಇತ್ತು ನಿಮ್ಮ ಅಬ್ಬಾಂದು. ಊರೆಲ್ಲಾ ತಿರಿಗಿ ಸಾಕಾತ್ ನನಗ."

ತಗಡಿನ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟ. ಫುಪ್ಪಿ ಹೆಬ್ಬೆರಳಿನಿಂದ ಅಂಚು ಸವರಿದಳು. ನೆತ್ತಿಯ ಅಡ್ಡ ಕಡ್ಡಿಗೆ ಬೆರಳು ತಾಗಿತು. ತಸಬಿ ನಿಂತಿತು. ಮತ್ತೆ ಸವರಿದಳು. ಆಮೇಲೆ ಏನು ತಿಳಿಯಿತೋ, ತನ್ನ ಓಢಣಿಯ ಸೆರಗನ್ನು ಬಿಲ್ಲೆಯ ಸುತ್ತ ಎರಡು ಮೂರು ಸುತ್ತು ಸುತ್ತಿ, ಬಟ್ಟೆಯ ಮೇಲಿಂದ ಹಿಚುಕಿ ನೋಡಿದಳು, ಕೊರಳ ಕುಳಿಗೆ ಒತ್ತಿಕೊಂಡಳು.

"ಇದು ಅಮ್ಮೀನ ತಾಯತಲೇ ಗೌಸ್ಯಾ!"

"ಏನಂದಿ?"

"ಅಂಜಿಕಿ ತಾಯತ! ಬಟ್ಟಿ ಹಾಕಿ ಹೊಲಿದಿದ್ಲು ಅಮ್ಮಿ. ಒಳಗ ಹಿಂಗ ದುಂಡಗ, ಮ್ಯಾಲ ಹಿಂಗ ಕಡ್ಡಿ. ಅದನ್ನ ಮುಟ್ಟಿಗ್ಯಾಗ ಹಿಡ್ಕೊಂಡ ಮಲಗತಿದ್ನಿ ನಾ. ಕೈಗೆ ಗೊತ್ತಿರಂಗಿಲ್ಲೇನು?"

ಆಮೇಲೆ ಅವಳು ಎಲ್ಲ ಬಿಡಿಸಿ ಹೇಳಿದಳು. ತಾಯತವನ್ನು ಮೊದಲು ಕಟ್ಟಿದ್ದು ಯಾವ ಕೂಸಿಗೂ ಅಲ್ಲ, ಮೌಲಾಸಾಬನಿಗೆ. ಲಡಾಯಿಯಿಂದ ಬಂದವನು ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಏಳುತ್ತಿದ್ದ, ಕತ್ತೆಗಳ ಹೆಸರು ಹಿಡಿದು ಕೂಗುತ್ತಿದ್ದ. ಹೆಂಡತಿ ಒಂದು ದಿನ ಎಂಥದೋ ಹೊಲಿದು ಅವನ ಕೊರಳಿಗೆ ಹಾಕಿದಳು. ಅದನ್ನು ಹಿಡಿದುಕೊಂಡರೆ ಅವನಿಗೆ ನಿದ್ದೆ ಹತ್ತುತ್ತಿತ್ತು. ಅದು ನೆರೆಹೊರೆಯ ಹೆಂಗಸರಿಗೆ ಗೊತ್ತಾಯಿತು. ನಮ್ಮ ಕೂಸೂ ಬೆಚ್ಚುತ್ತದೆ, ನಾಲ್ಕು ದಿನ ಕೊಡು ತಂಗಿ ಅಂತ ಕೇಳಿಕೊಂಡು ಬಂದರು. ಒಳಗೆ ದರ್ಗಾದ ಚೀಟಿ ಇರಬೇಕು ಅಂತಲೇ ಎಲ್ಲರ ನಂಬಿಕೆ. ಕಟ್ಟಿದ ತಾಯತ ಬಿಚ್ಚಿ ನೋಡುವ ಹೆಂಗಸು ಯಾವ ಊರಿನಲ್ಲಿ ಇದ್ದಾಳೆ?

"ನಿನಗೂ ಕಟ್ಟಿದ್ರಲೇ. ನೀ ಭಾಳ ಅಳಬುರುಕ ಇದ್ದಿ."

"ನನ್ನ ಕೊಳ್ಳಾಗ? ಅಯ್ಯ ಖುದಾ! ಈಗೆಲ್ಲೈತಿ ಅದು?"

"ನನಗೇನ ಗೊತ್ತು? ಮನಿ ಹೆಂಗಸ್ರನ್ನ ಕೇಳು."

ಅವನು ಅಲ್ಲಿಂದಲೇ ಶಾಯಿಸ್ತಾಳಿಗೆ ಫೋನ್ ಹಚ್ಚಿದ. ಫೋನ್ ಇಲ್ಲದಿದ್ದರೂ ಧಾರವಾಡಕ್ಕೆ ಕೇಳಿಸುತ್ತಿತ್ತೇನೋ, ಅಷ್ಟು ಜೋರು. ಆ ಕಡೆ ಶಾಯಿಸ್ತಾ ನಗಲು ಸುರು ಮಾಡಿದಳು.

"ಅಂಜಿಕಿ ತಾಯತ ಏನ್ರಿ? ಅದಕ್ಕಾಗಿ ವರ್ಷಪೂರ್ತಿ ಸರಾಫರ ಕಟ್ಟಿ ಸವಿಸಿದ್ರೇನು? ನಮ್ಮ ಶಾನವಾಜನ ಕೊಳ್ಳಾಗ ಇತ್ತಲ್ರಿ! ಅತ್ತಿ ಕೊಟ್ಟಿದ್ರು. ನೀವ ದಿನಾ ಅದನ್ನ ಸರಿಸಿ ಕೂಸಿಗೆ ಮುದ್ದು ಕೊಡತಿದ್ರಿ."

ಗೌಸಮೊದ್ದೀನ ಹಣೆ ಬಡಿದುಕೊಂಡ. "ಮತ್ತ ಹೇಳಬಾರ್ದೇನ?"

"ಆ ಬಿಲ್ಲೆ ಒಮ್ಮೆ ನನ್ನ ಕೈಯಾಗ ಇಟ್ಟು ಕೇಳಿದ್ರ ಹೇಳತಿದ್ನಿ. ನೀವ ಊರಾಗಿನ ಗಂಡಸರನ್ನೆಲ್ಲಾ ಕೇಳಿದ್ರಿ, ಮನ್ಯಾಗ ಇದ್ದಾಕಿನ್ನ ಬಿಟ್ರಿ. ಇಡ್ರಿ ಫೋನು. ಯಾವ ಕೂಸಿನ ಕೊಳ್ಳಾಗ ಐತಿ ನೋಡತೇನಿ."

ಅದು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವೇ ಅಲ್ಲವಂತೆ. ಕೂಸಿನ ಅಂಜಿಕೆ ಬಿಟ್ಟಿತೋ, ಬೆಚ್ಚುವ ಇನ್ನೊಂದು ಕೂಸಿನ ಮನೆಗೆ ಹೋಗಬೇಕು. ಯಾರ ಜಾತಿ ಏನು ಅಂತ ತಾಯತ ಕೇಳುವುದಿಲ್ಲ, ತಾಯಂದಿರೂ ಕೇಳಿರಲಿಲ್ಲ. ಶಾಯಿಸ್ತಾ ಒಬ್ಬಳಿಗೆ ಹಚ್ಚಿದಳು, ಅವಳು ತನ್ನ ನಾದಿನಿಗೆ, ನಾದಿನಿ ಅಮ್ಮಿನಬಾವಿಯ ಶರಣವ್ವನಿಗೆ. ಗೌಸಮೊದ್ದೀನ ಫುಪ್ಪಿಯ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ವರ್ಷದ ಕೆಲಸ ಹೆಂಗಸರ ಕೈಯಲ್ಲಿ ಒಂದು ಸಲ ಚಹಾ ಕುದಿಯುವಷ್ಟರಲ್ಲಿ ಮುಗಿಯಿತು. ಮರಳಿ ಫೋನು ಬಂದಾಗ ಶಾಯಿಸ್ತಾಳಿಗೆ ನಗು ತಡೆಯುತ್ತಿರಲಿಲ್ಲ.

"ಸಿಕ್ತ್ರಿ! ಎಲ್ಲೈತಿ ಹೇಳ್ರಿ ನೋಡೋಣ? ಗುರುಶಿದ್ದಪ್ಪ ಮಾಸ್ತರ ಮನ್ಯಾಗ! ಅವರ ಮಮ್ಮಗಳು ಲಕ್ಷ್ಮೀ ಬಾಣಂತನಕ್ಕ ಬಂದಾಳಲ್ಲ, ಆ ಕೂಸಿನ ಕೊಳ್ಳಾಗ ಐತಂತ!"

ಗೌಸಮೊದ್ದೀನ "ಯಾ ಅಲ್ಲಾ!" ಅಂತ ಕೂಗಿದ್ದಕ್ಕೆ ಮಾಳಿಗೆಯ ಪಾರಿವಾಳಗಳೆಲ್ಲ ಹಾರಿಹೋದವು. ಫುಪ್ಪಿ ಮಾತ್ರ ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿ ತಡಕಾಡುತ್ತಿದ್ದಳು.

"ಲಗೂನ ಗಾಡಿ ತಗೊಂಬಾ. ನಾನೂ ಬರತೇನಿ."

"ಅಮ್ಮಿನಬಾವಿಗೆ?"

"ಮತ್ತೆಲ್ಲಿಗೆ?"

ಮರುದಿನ ಹೊತ್ತು ಏರುವಷ್ಟರಲ್ಲಿ ಆಟೋ ಮಾಸ್ತರ ಮನೆ ಮುಂದೆ ನಿಂತಿತು. ಮಾಸ್ತರು ಕಟ್ಟೆಯಿಂದ ಎದ್ದು ಬಂದು ಮುದುಕಿಯ ಮುಖ ನೋಡಿದರು. ಚಿಕ್ಕವರಿದ್ದಾಗ ಓಣಿಯಲ್ಲಿ ತಮ್ಮನ್ನು ಕಂಕುಳಲ್ಲಿ ಎತ್ತಿ ತಿರುಗಿದವಳು ಅಂತ ಹೊಳೆಯಲು ತುಸು ಹೊತ್ತು ಹಿಡಿಯಿತು.

"ಅಬೀದಕ್ಕಾ? ಬರ್ರಿ, ಬರ್ರಿ ಒಳಗ!"

"ಬರತೇನಪಾ ಗುರುಶಿದ್ದಾ. ಅಬ್ಬಾಂದು ಪುರಾವೆ ಕೇಳಿದ್ದಿಯಂತಲ್ಲ, ಅದು ನಿನ್ನ ಮನಿ ತೊಟ್ಟಿಲದಾಗ ಐತಿ."

ಮಾಸ್ತರಿಗೆ ತಲೆಬುಡ ತಿಳಿಯಲಿಲ್ಲ. ಗೌಸಮೊದ್ದೀನ ಕೂಗಿ ಹೇಳಿದ್ದರಿಂದ ಇನ್ನಷ್ಟು ಗೊಂದಲವಾಯಿತು, ಒಳಗೆ ಕೂಸೂ ಎದ್ದಿತು. ಅವರ ಹೆಂಡತಿ ಮಾಳವ್ವ ಹೊರಗೆ ಬಂದು ಇಬ್ಬರನ್ನೂ ಗದರಿಸಿ, ಎಲ್ಲ ಕೇಳಿ ತಿಳಿದು, ಒಳಗೆ ಕರೆದಳು. ಕೂಸಿನ ಎದೆಯ ಮೇಲೆ ಒಂದು ದುಂಡನೆಯ ಬಟ್ಟೆಯ ಗಂಟು ಇತ್ತು, ಕರೀ ದಾರದಲ್ಲಿ. ಗೌಸಮೊದ್ದೀನ ಕೈ ಚಾಚಿದ. ಲಕ್ಷ್ಮೀ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಿಚ್ಚಬ್ಯಾಡ್ರಿ ಕಾಕಾ. ಇದನ್ನ ಕಟ್ಟಿದ ಮ್ಯಾಲ ಈಗೀಗ ಮಲಗಾಕತ್ತೈತಿ. ಬಿಚ್ಚಿದ್ರ ಗುಣ ಹೋಗತೈತಿ ಅಂತಾರ."

ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ದೂರ ಬಂದು, ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಂಡು, ಗೌಸಮೊದ್ದೀನನೂ ಕೈ ಹಿಂದೆ ತೆಗೆದುಕೊಂಡ. ಬೆಚ್ಚುವ ಕೂಸಿನ ತಾಯಿಗೆ ಏನಂತ ಹೇಳುವುದು?

ಅಬೀದಾ ಫುಪ್ಪಿ ಲಕ್ಷ್ಮೀಯ ಪಕ್ಕ ಚಾಪೆಯ ಮೇಲೆ ಕೂತಳು. "ಇದನ್ನ ಹೊಲಿದಾಕಿ ನಮ್ಮವ್ವ, ಮಗಳ. ನಾನ ಬಿಚ್ಚಿ, ನಾನ ಹೊಲಿದು, ನಾನ ಕಟ್ಟಿ ಹೋಗತೇನಿ. ಅಲ್ಲೀಮಟಾ ಕೂಸು ನನ್ನ ತೊಡಿ ಮ್ಯಾಲ ಇರ್ಲಿ. ಬೆಚ್ಚಿದ್ರ ಹೇಳು." ಲಕ್ಷ್ಮೀ ಅಜ್ಜಿಯ ಮುಖ ನೋಡಿದಳು. ಮಾಳವ್ವ ಹೂಂ ಅಂದಳು. ಕೂಸು ಫುಪ್ಪಿಯ ತೊಡೆಗೆ ಬಂತು.

ಕಣ್ಣು ಕಾಣದ ಫುಪ್ಪಿ ಹೊಲಿಗೆ ಇದ್ದ ಕಡೆ ಬೆರಳಿಟ್ಟು ತೋರಿಸಿದಳು, ಮಾಳವ್ವ ಸೂಜಿಯಿಂದ ದಾರ ಬಿಡಿಸಿದಳು. ಮೇಲಿನ ಬಟ್ಟೆ ತೆಗೆದರೆ ಒಳಗೆ ಇನ್ನೊಂದು. ಹರಿದಾಗಲೆಲ್ಲ ಯಾರ ಮನೆಯಲ್ಲಿತ್ತೋ ಆ ತಾಯಿ ಹಳೆಯದರ ಮೇಲೆಯೇ ಹೊಸದು ಹಾಕಿ ಹೊಲಿದಿದ್ದಳು. ಒಂದು ಹಸಿರು ಸಾಟಿನ್, ಒಂದು ಹೂವಿನ ವಾಯಿಲ್. "ಇದು ನಂದರಿ!" ಅಂತ ಬಾಗಿಲಲ್ಲಿ ನಿಂತ ಶರಣವ್ವ ಕೂಗಿದಳು. ಸುದ್ದಿ ಕೇಳಿ ಅರ್ಧ ಓಣಿಯ ಹೆಂಗಸರು ನೆರೆದಿದ್ದರು. ಇನ್ನೂ ಒಳಗಿನದು ಒಂದು ಖಣದ ತುಂಡು. ಅದನ್ನು ಕಂಡು ಮಾಳವ್ವ ಸೂಜಿ ಕೆಳಗಿಟ್ಟಳು.

"ಇದು ನಮ್ಮತ್ತೀದು. ಈ ಖಣದ ಕುಬಸ ಇನ್ನೂ ಟ್ರಂಕಿನ್ಯಾಗ ಐತಿ." ಅವಳು ಗಂಡನ ಕಡೆ ತಿರುಗಿದಳು. "ಹುಟ್ಟಿದ ವರ್ಷ ನೀವೂ ಬೆಚ್ಚತಿದ್ರಂತ, ಹಾಲ ಬಿಟ್ಟಿದ್ರಂತ. ಮೌಲಾಸಾಬ ತನ್ನ ಕೊಳ್ಳಾಗಿಂದು ತಗದು ಕೊಟ್ಟ, ಅದಕ್ಕ ನನ್ನ ಮಗಾ ಉಳಿದ ಅಂತ ಅತ್ತಿ ಹೇಳತಿದ್ರು."

ಮಾಸ್ತರು ಬಾಗಿಲ ಚೌಕಟ್ಟು ಹಿಡಿದು ನಿಂತರು.

ಎಲ್ಲಕ್ಕೂ ಒಳಗಿನದು ಖಾಕಿ. ಅದನ್ನು ಬಿಡಿಸಿದ ಕೂಡಲೇ ಬೆಳ್ಳಿ ಹೊರಬಿತ್ತು, ತುಸು ಕಪ್ಪಾಗಿತ್ತು ಅಷ್ಟೇ. ಒಂದು ಬದಿಗೆ ರಾಜನ ಮುಖ. "ಮಾರಿ ಐತೇನು?" ಅಂತ ಫುಪ್ಪಿ ಸವರಿ ನೋಡಿದಳು. "ಅದಕ್ಕ ಅಮ್ಮಿ ಮುಚ್ಚಿ ಹೊಲಿದಾಳ. ಮಾರಿ ಇದ್ದದ್ದು ಕೊಳ್ಳಾಗ ಹಾಕ್ಕೊಂಡು ಅಬ್ಬಾ ನಮಾಜು ಹೆಂಗ ಮಾಡಬೇಕು!" ಗೌಸಮೊದ್ದೀನ ತನ್ನ ತಗಡಿನ ಬಿಲ್ಲೆ ತೆಗೆದು ಅದರ ಮೇಲಿಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅಂಚಿನ ಅಕ್ಷರ ಇಂಗ್ಲಿಷಿನಲ್ಲಿದ್ದವು, ಅವನಿಗೆ ಓದಲು ಬರುತ್ತಿರಲಿಲ್ಲ. ಇಷ್ಟು ವರ್ಷ ಬಟ್ಟೆಯೊಳಗೇ ಇದ್ದದ್ದರಿಂದ ಒಂದಕ್ಷರವೂ ಸವೆದಿರಲಿಲ್ಲ.

"ಮಾಸ್ತರ್ರ, ನೀವ ಓದ್ರಿ," ಅಂದ. ಅವನ ಜೀವಮಾನದಲ್ಲಿ ಮೊದಲ ಸಲ ಅಷ್ಟು ಮೆಲ್ಲಗೆ.

ಮಾಸ್ತರು ಕನ್ನಡಕ ಏರಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಅಂಚು ತಿರುಗಿಸುತ್ತ ಮೊದಲು ನಂಬರು ಓದಿದರು, ಆಮೇಲೆ ನಾಯಕ್ ಅನ್ನುವ ದರ್ಜೆ, ಆಮೇಲೆ ಮೌಲಾಸಾಬ ಅನ್ನುವ ಹೆಸರು. ಹಿಂಬದಿ ತಿರುಗಿಸಿದರು. ಅಲ್ಲಿ ಇಂಗ್ಲಿಷಿನ ಒಂದು ಸಾಲು ಇತ್ತು. ಅದನ್ನು ತಮ್ಮಷ್ಟಕ್ಕೆ ಎರಡು ಸಲ ಓದಿಕೊಂಡರು.

"ಏನೈತಿ ಗುರುಶಿದ್ದಾ? ಕನ್ನಡದಾಗ ಹೇಳು."

"ರಣರಂಗದಾಗ ತೋರಿಸಿದ ಧೈರ್ಯಕ್ಕ, ಅಂತ ಐತಿ ಅಕ್ಕಾ."

"ಇನ್ನೊಮ್ಮೆ ಹೇಳು. ಜೋರಾಗಿ ಹೇಳು, ಹೊರಗ ನಿಂತವರಿಗೂ ಕೇಳ್ಲಿ."

ಮಾಸ್ತರು ಕಟ್ಟೆಗೆ ಹೋದರು. ಸಾಲಿಯಲ್ಲಿ ಪಾಠ ಓದಿಸುತ್ತಿದ್ದ ದನಿಯಲ್ಲಿ ಓಣಿಗೆಲ್ಲ ಹೇಳಿದರು. ಒಮ್ಮೆ ಹೇಳಿ, ತಾವಾಗಿಯೇ ಮತ್ತೊಮ್ಮೆ ಹೇಳಿದರು. "ಮೌಲಾಸಾಬ ಓಡಿ ಬಂದವ ಅಲ್ಲ. ನಮ್ಮಪ್ಪ ಅಂದದ್ದು ತಪ್ಪು. ನಾ ಅಂದದ್ದೂ ತಪ್ಪು." ಒಳಗೆ ಫುಪ್ಪಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಅಳುವೂ ನಗುವೂ ಒಂದೇ ಸಲ ಬಂದಿತ್ತು ಅವಳಿಗೆ. ಗೌಸಮೊದ್ದೀನ ಅಂಚಿನ ಫೋಟೊ ತೆಗೆದು ಸುಬೇದಾರರಿಗೆ ಕಳಿಸಿ, ಯಂಕಣ್ಣನ ಕಡೆಗೆ ಓಡಿದ. ಇಷ್ಟೆಲ್ಲ ಆದರೂ ಕೂಸು ಆ ತೊಡೆಯ ಮೇಲೆ ಒಮ್ಮೆಯೂ ಬೆಚ್ಚಲಿಲ್ಲ. ಬೆಳ್ಳಿಯನ್ನು ಖಾಕಿಯಲ್ಲಿ ಸುತ್ತಿ, ಖಣ ಸುತ್ತಿ, ಉಳಿದ ಬಟ್ಟೆಗಳನ್ನೂ ಸುತ್ತಿ, ಮೇಲೆ ತನ್ನ ಓಢಣಿಯ ತುಂಡು ಹಾಕಿ, ಮಾಳವ್ವನಿಂದ ಸೂಜಿ ಪೋಣಿಸಿಕೊಂಡು, ಫುಪ್ಪಿ ಬೆರಳ ಅಂದಾಜಿನಿಂದಲೇ ಹೊಲಿದು ಅದರ ಕೊರಳಿಗೆ ಕಟ್ಟಿದಳು.

ನಂಬರಿನ ಜಾಡು ಹಿಡಿದು ಸುಬೇದಾರರು ಕಳಿಸಿದ ಸುದ್ದಿ ಪರದೆ ತೆಗೆಯುವ ದಿನವೇ ಬಂತು. ಗುಂಡಿನ ಮಳೆಯಲ್ಲಿ ಜೊತೆಗಾರರೆಲ್ಲ ಕೆಳಗಿಳಿದ ಮೇಲೂ ನಾಯಕ್ ಮೌಲಾಸಾಬ ತನ್ನ ಕತ್ತೆಗಳನ್ನು ತಿರುಗಿಸಿಕೊಂಡು ಮತ್ತೆ ಗುಡ್ಡ ಏರಿ, ಗಾಯಗೊಂಡವರನ್ನು ಅವುಗಳ ಬೆನ್ನಿಗೆ ಕಟ್ಟಿ ಇಳಿಸಿದ್ದ. ಒಮ್ಮೆ ಅಲ್ಲ, ಬೆಳಗಾಗುವ ತನಕ. ಗೌಸಮೊದ್ದೀನ ಅದನ್ನು ಮೈಕು ಇಲ್ಲದೆ ಓದಿದ, ಕಡೆಯ ಸಾಲಿನವರಿಗೂ ಕೇಳಿಸಿತು. ಕಲ್ಲಿನ ಕೊನೆಯ ಸಾಲನ್ನು ಫುಪ್ಪಿ ಬೆರಳಿನಿಂದ ಅಕ್ಷರ ಅಕ್ಷರ ಮುಟ್ಟಿದಳು. ಜನ ಚಪ್ಪಾಳೆ ಹೊಡೆಯುತ್ತಿದ್ದಂತೆ ಕಮಿಟಿಯ ಹುಡುಗರು ಉಮೇದಿನಿಂದ ಪಟಾಕಿಯ ಸರ ಬಿಡಿಸಿ, ಕಡ್ಡಿ ಗೀರಿ ಬಗ್ಗಿದರು.

ಗುರುಶಿದ್ದಪ್ಪ ಮಾಸ್ತರು ಎದ್ದು ಧೋತರ ಎತ್ತಿಕೊಂಡು ಓಡಿಬಂದರು.

"ಹಚ್ಚಬ್ಯಾಡ್ರಲೇ, ಆರಸ್ರಿ! ಮೌಲಾಸಾಬಗ ಸಪ್ಪಳ ಆಗಂಗಿಲ್ಲ."